ಹೆಂಡತಿ ಮಕ್ಕಳು ಕೆನಡಾದಲ್ಲಿ, ಕೆಲಸ ಹೊರದೇಶದಲ್ಲಿ: ಪಿಆರ್ ಉಳಿಸಿಕೊಳ್ಳುವ ಲೆಕ್ಕ

ಟೊರಾಂಟೊ ಪಕ್ಕದ ಮಿಸಿಸಾಗಾದಲ್ಲೋ ಬ್ರಾಂಪ್ಟನ್‌ನಲ್ಲೋ ಮನೆ ಮಾಡಿ, ಮಕ್ಕಳನ್ನು ಅಲ್ಲಿಯ ಶಾಲೆಗೆ ಹಾಕಿ, ದುಡಿಯುವವರೊಬ್ಬರು ಮಾತ್ರ ಬೆಂಗಳೂರಿಗೋ ದುಬೈಗೋ ವಾಪಸ್ ಹೊರಡುವುದು ಹೊಸ ಸಂಗತಿಯಲ್ಲ. ಹೊರಡುವಾಗ ಬಹುತೇಕರಿಗೆ ಒಂದು ಧೈರ್ಯ ಇರುತ್ತದೆ: ಮನೆ ಅಲ್ಲಿದೆ, ಹೆಂಡತಿ ಮಕ್ಕಳು ಅಲ್ಲಿದ್ದಾರೆ, ವರ್ಷ ವರ್ಷ ತೆರಿಗೆ ರಿಟರ್ನ್ಸ್ ಹಾಕುತ್ತೇನೆ, ಇನ್ನು ಪಿಆರ್‌ಗೆ (ಕಾಯಂ ನಿವಾಸಿ ಸ್ಥಾನಕ್ಕೆ) ಏನು ತೊಂದರೆ? ಎಡವುವುದು ಇಲ್ಲೇ. ಪಿಆರ್ ಉಳಿಯಲು ಕೆನಡಾದಲ್ಲಿ ಕಳೆಯಬೇಕಾದ ದಿನ ಎಣಿಸುವಾಗ ಕಾನೂನು ನೋಡುವುದು ನಿಮ್ಮ ಮೈ ಎಲ್ಲಿತ್ತು ಎಂಬುದನ್ನಷ್ಟೇ. ಹೆಂಡತಿ ಐದು ವರ್ಷವೂ ಮಿಸಿಸಾಗಾ ಬಿಟ್ಟು ಕದಲದಿದ್ದರೂ ಅದರಿಂದ ನಿಮ್ಮ ಖಾತೆಗೆ ಒಂದು ದಿನವೂ ಸೇರುವುದಿಲ್ಲ. (ಹೊರಗೆ ದುಡಿಯುವುದು ಹೆಂಡತಿ, ಮನೆಯಲ್ಲಿರುವುದು ಗಂಡ ಆಗಿದ್ದರೂ ಲೆಕ್ಕ ಇದೇ.)

730 ದಿನ ಅಂದರೆ ಯಾವ 730 ದಿನ

ಕೆನಡಾದ ವಲಸೆ ಮತ್ತು ನಿರಾಶ್ರಿತರ ರಕ್ಷಣಾ ಕಾಯ್ದೆ 2002ರ ಜೂನ್‌ನಲ್ಲಿ ಜಾರಿಗೆ ಬಂತು. ಅದರ 28ನೇ ಸೆಕ್ಷನ್ ಪ್ರಕಾರ ಪ್ರತಿ ಐದು ವರ್ಷದ ಅವಧಿಯಲ್ಲಿ 730 ದಿನ ಕೆನಡಾದ ನೆಲದ ಮೇಲಿರಬೇಕು. ಅವು ಸತತವಾಗಿರಬೇಕೆಂದಿಲ್ಲ. ಬಂದಿಳಿದ ದಿನ, ಹೊರಟ ದಿನ ಎರಡೂ ಪೂರ್ತಿ ದಿನಗಳೆಂದೇ ಲೆಕ್ಕ. ರಾತ್ರಿ ಹನ್ನೊಂದೂವರೆಗೆ ಟೊರಾಂಟೊದ ಪಿಯರ್ಸನ್ ವಿಮಾನ ನಿಲ್ದಾಣದಲ್ಲಿ ಇಳಿದರೂ ಆ ದಿನ ನಿಮ್ಮದು. ಬೆಳಿಗ್ಗೆ ಗಡಿಯಾಚೆ ಅಮೆರಿಕದ ಬಫಲೋಗೆ ಹೋಗಿ ಸಂಜೆ ಮರಳಿದರೆ ಆ ದಿನವೂ ನಿಮ್ಮದು.

ಪಿಆರ್ ಆಗಿ ಐದು ವರ್ಷ ತುಂಬದವರಿಗೆ ಒಂದು ರಿಯಾಯಿತಿ ಇದೆ. ಇಷ್ಟರಲ್ಲೇ 730 ಮುಗಿಸಿರಬೇಕಿಲ್ಲ, ಉಳಿದ ದಿನಗಳಲ್ಲಿ ಮುಗಿಸಲು ಸಾಧ್ಯವಿದ್ದರೆ ಸಾಕು. ಐದು ವರ್ಷಕ್ಕೆ 1,826 ದಿನ (ಎರಡು ಅಧಿಕ ವರ್ಷ ಸಿಕ್ಕರೆ 1,827). ಅಂದರೆ ಮೊದಲ ಐದು ವರ್ಷದಲ್ಲಿ ಒಟ್ಟು 1,096 ದಿನ ಹೊರಗಿರಬಹುದು. ಆದರೆ ಈ ಅಂಚಿನವರೆಗೆ ಹೋಗಬೇಡಿ. ಒಂದು ವಿಮಾನ ರದ್ದಾಗುವುದು, ಪಾಸ್‌ಪೋರ್ಟ್ ನವೀಕರಣ ತಡವಾಗುವುದು, ಊರಲ್ಲಿ ಅಪ್ಪನಿಗೆ ಆಸ್ಪತ್ರೆ, ಇಷ್ಟರಲ್ಲೇ ಒಂದು ತಿಂಗಳು ಕೈಬಿಡುತ್ತದೆ. 1,050 ದಾಟಿದರೆ ಅಪಾಯ ಎಂದು ಇಟ್ಟುಕೊಳ್ಳಿ.

ಐದು ವರ್ಷ ದಾಟಿದ ಮೇಲೆ ಲೆಕ್ಕದ ಸ್ವಭಾವವೇ ಬದಲಾಗುತ್ತದೆ. ಆಗ ನೋಡುವುದು ಅಧಿಕಾರಿ ನಿಮ್ಮನ್ನು ಪರಿಶೀಲಿಸುವ ದಿನದಿಂದ ಹಿಂದಕ್ಕೆ ಐದು ವರ್ಷ ಮಾತ್ರ. ಈ ಕಿಟಕಿ ದಿನಕ್ಕೊಂದು ದಿನದಂತೆ ಮುಂದೆ ಸರಿಯುತ್ತದೆ, ಹಿಂದಿನ ದಿನಗಳು ಒಂದೊಂದಾಗಿ ಉದುರುತ್ತವೆ. ತಿಳಿದವರೂ ಲೆಕ್ಕ ತಪ್ಪುವ ಜಾಗ ಇದು, ಹಾಗಾಗಿ ಅಂಕಿಗಳನ್ನಿಟ್ಟೇ ನೋಡೋಣ.

2020ರ ಸೆಪ್ಟೆಂಬರ್ 1ಕ್ಕೆ ಒಬ್ಬರು ಪಿಆರ್ ಆಗಿ ಇಳಿದರು ಅನ್ನಿ. 2022ರ ಆಗಸ್ಟ್ 31ರವರೆಗೆ ಎಲ್ಲೂ ಹೋಗದೆ ಇದ್ದರು, ಸರಿಯಾಗಿ 730 ದಿನ. ಅಂದೇ ಬೆಂಗಳೂರಿನ ವಿಮಾನ ಹತ್ತಿದರು. ಮುಂದೆ 2023, 24, 25ರ ಜುಲೈನಲ್ಲಿ ತಲಾ 20 ದಿನ ಬಂದು ಹೋದರು, 60 ದಿನ ಸೇರಿತು. 2025ರ ಜುಲೈನಲ್ಲಿ ಬಂದಾಗ ಪಿಆರ್ ಕಾರ್ಡ್ ನವೀಕರಣಕ್ಕೆ ಹಾಕಿದರು. ಆಗ ಲೆಕ್ಕ ಸರಿಯಾಗಿತ್ತು, 2030ರವರೆಗಿನ ಹೊಸ ಕಾರ್ಡ್ ಸಿಕ್ಕಿತು. ಇನ್ನೈದು ವರ್ಷ ನಿಶ್ಚಿಂತೆ ಎಂದುಕೊಂಡು 2026ರ ಮಾರ್ಚ್ 1ಕ್ಕೆ ವಾಪಸ್ ಬಂದರು.

ಆ ದಿನ ಅವರ ಖಾತೆಯಲ್ಲಿ ಎಷ್ಟಿದೆ? ಕಿಟಕಿ ಈಗ 2021ರ ಮಾರ್ಚ್‌ನಿಂದ ಶುರು. 2020ರ ಸೆಪ್ಟೆಂಬರ್‌ನಿಂದ 2021ರ ಫೆಬ್ರವರಿವರೆಗಿನ 181 ದಿನ ಉದುರಿಹೋಗಿವೆ. 730ರಲ್ಲಿ 181 ಕಳೆದರೆ 549, ಭೇಟಿಗಳ 60 ಕೂಡಿದರೆ 609. ಇನ್ನೂ 121 ದಿನ ಕಡಿಮೆ. ಕಾರ್ಡ್ ಮೇಲೆ 2030 ಎಂದಿದ್ದರೂ ಷರತ್ತು ಮುರಿದಿದೆ. ಅದು ಮುರಿದದ್ದು 2025ರ ಅಕ್ಟೋಬರ್ ಕೊನೆಗೆ, ಇವರು ಬೆಂಗಳೂರಿನಲ್ಲಿ ಆಫೀಸಿಗೆ ಹೋಗುತ್ತಿದ್ದಾಗ, ಯಾರಿಂದಲೂ ಒಂದು ಕಾಗದವೂ ಬರದೆ.

ಇನ್ನೂ ಕಷ್ಟದ ಭಾಗ ಮುಂದಿದೆ. ನಾಲ್ಕು ತಿಂಗಳು ಕೂತರೆ 121 ತುಂಬುತ್ತದೆ ಎಂದು ತೋರುತ್ತದೆ. ತುಂಬುವುದಿಲ್ಲ. 2026ರ ಮಾರ್ಚ್‌ನಲ್ಲಿ ಒಂದು ದಿನ ಸೇರಿದರೆ ಹಿಂದಿನಿಂದ 2021ರ ಮಾರ್ಚ್‌ನ ಒಂದು ದಿನ ಹೋಗುತ್ತದೆ, ಆಗಲೂ ಇವರು ಕೆನಡಾದಲ್ಲೇ ಇದ್ದರಲ್ಲ. 2027ರ ಆಗಸ್ಟ್ ಕೊನೆಯವರೆಗೆ ಅಂಕಿ 609ರಲ್ಲೇ ನಿಂತಿರುತ್ತದೆ. ಆಮೇಲಷ್ಟೇ ಏರತೊಡಗಿ, 730 ಮುಟ್ಟುವುದು 2027ರ ಡಿಸೆಂಬರ್ 30ಕ್ಕೆ. ಒಟ್ಟು 22 ತಿಂಗಳು ದೇಶ ಬಿಡದೆ ಕೂರಬೇಕು. ಎರಡು ವರ್ಷ ಒಟ್ಟಿಗೆ ಇದ್ದು ಮೂರು ವರ್ಷ ಹೊರಗೆ ಹೋಗುವವರೆಲ್ಲರಿಗೂ ಕಾದಿರುವ ಬಲೆ ಇದು.

ಕೆಲಸ ಅವಕಾಶ ಕೊಡುವುದಾದರೆ ವರ್ಷಕ್ಕೆ 146 ದಿನದ ಲೆಕ್ಕವೇ ಎಲ್ಲಕ್ಕಿಂತ ಸುರಕ್ಷಿತ. ಬೇಸಿಗೆಯಲ್ಲಿ ಎರಡೂವರೆ ತಿಂಗಳು, ಚಳಿಗಾಲದಲ್ಲಿ ಅಷ್ಟೇ, ಮಿಕ್ಕಿದ್ದು ಹೊರಗೆ. ಹಾಗೆ ಮಾಡಿದರೆ ಕಿಟಕಿ ಎಲ್ಲಿ ಸರಿದರೂ ಒಳಗೆ 730ರ ಆಸುಪಾಸು ಇರುತ್ತದೆ. ಹೊರಗಿನ ಕಂಪನಿಯ ಕೆಲಸವನ್ನು ಮಿಸಿಸಾಗಾದ ಮನೆಯಲ್ಲಿ ಕೂತು ಮಾಡಿದ ದಿನಗಳೂ ಸೇರುತ್ತವೆ. ಇಲ್ಲಿ ಕೇಳುವುದು ನೀವು ಎಲ್ಲಿದ್ದಿರಿ ಎಂದು, ಯಾರ ಸಂಬಳ ತಿಂದಿರಿ ಎಂದಲ್ಲ.

ಹೊರಗಿದ್ದರೂ ಒಳಗಿದ್ದಂತೆ

ಕಾನೂನಿನಲ್ಲಿ ಕೆಲವು ವಿನಾಯಿತಿಗಳಿವೆ, ಪ್ರತಿಯೊಂದಕ್ಕೂ ಒಂದೊಂದು ಕೊಕ್ಕೆ ಇದೆ.

ಮೊದಲನೆಯದು, ಕೆನಡಾ ಪ್ರಜೆಯಾದ ಗಂಡ ಅಥವಾ ಹೆಂಡತಿಯೊಂದಿಗೆ ಹೊರದೇಶದಲ್ಲಿ ಒಟ್ಟಿಗೆ ವಾಸವಾಗಿದ್ದರೆ ಆ ದಿನಗಳು ಲೆಕ್ಕಕ್ಕೆ ಸಿಗುತ್ತವೆ. ಕೊಕ್ಕೆ 'ಒಟ್ಟಿಗೆ' ಎಂಬಲ್ಲಿದೆ. ಹೆಂಡತಿಗೆ ಪೌರತ್ವ ಬಂದು ಅವರು ಮಿಸಿಸಾಗಾದಲ್ಲೂ ನೀವು ದುಬೈನಲ್ಲೂ ಇದ್ದರೆ ಸೊನ್ನೆ. ಅವರು ಮಕ್ಕಳ ರಜೆಯಲ್ಲಿ ಎರಡು ತಿಂಗಳು ದುಬೈಗೆ ಬಂದು ಉಳಿದರೆ ಆ ಎರಡು ತಿಂಗಳನ್ನು ಕೇಳಬಹುದು, ಆದರೆ ಅದು ಭೇಟಿಯೋ ಒಟ್ಟಿಗಿನ ವಾಸವೋ ಎಂದು ಅಧಿಕಾರಿ ಪ್ರಶ್ನಿಸುತ್ತಾರೆ. ಅದನ್ನೇ ನಂಬಿ ಯೋಜನೆ ಹಾಕಬೇಡಿ. ಹೆಂಡತಿಯೂ ಬರೀ ಪಿಆರ್ ಆಗಿದ್ದರೆ ಈ ವಿನಾಯಿತಿಯ ಮಾತೇ ಇಲ್ಲ, ಬಂದು ಉಳಿದರೆ ಅವರ ಖಾತೆಯಿಂದಲೂ ದಿನಗಳು ಹೋಗುತ್ತವೆ.

ಎರಡನೆಯದು, ಕೆನಡಾದ ಕಂಪನಿಯೇ ನಿಮ್ಮನ್ನು ಹೊರಗೆ ಕಳಿಸಿದ್ದರೆ. ನೀವು ಆ ಕಂಪನಿಯ ಪೂರ್ಣಾವಧಿ ನೌಕರರಾಗಿರಬೇಕು ಅಥವಾ ಅದರ ಗುತ್ತಿಗೆಯಲ್ಲಿರಬೇಕು. ಆ ಕೆಲಸದ ಷರತ್ತಾಗಿಯೇ ಹೊರಗಿನ ಹುದ್ದೆಗೆ, ಅಂಗಸಂಸ್ಥೆಗೆ ಅಥವಾ ಗ್ರಾಹಕರ ಬಳಿಗೆ ನಿಯೋಜಿತರಾಗಿರಬೇಕು. ಕಂಪನಿಗೆ ಕೆನಡಾದಲ್ಲಿ ನಿಜವಾದ, ನಡೆಯುತ್ತಿರುವ ವ್ಯವಹಾರ ಇರಬೇಕು. ಎಲ್ಲಕ್ಕಿಂತ ಎಡವುವುದು 'ನಿಯೋಜನೆ' ಎಂಬ ಪದದ ಮೇಲೆ. ಅದು ತಾತ್ಕಾಲಿಕವಾಗಿರಬೇಕು, ಮುಗಿದ ಮೇಲೆ ಕೆನಡಾದಲ್ಲಿ ಮರಳುವ ಹುದ್ದೆ ಇರಬೇಕು ಎಂದು ಫೆಡರಲ್ ಕೋರ್ಟ್ ತೀರ್ಪುಗಳು ಹೇಳಿವೆ. ಟೊರಾಂಟೊದಲ್ಲಿ ಮುಖ್ಯ ಕಚೇರಿ ಇರುವ ಕಂಪನಿಯ ಬೆಂಗಳೂರು ಶಾಖೆಯಲ್ಲಿ ನೇರವಾಗಿ ಕೆಲಸಕ್ಕೆ ಸೇರಿದರೆ ಅದು ನಿಯೋಜನೆಯಲ್ಲ. ಕೆನಡಾದ ಕಂಪನಿಯ ಕೆಲಸವನ್ನು ನಿಮ್ಮ ಅನುಕೂಲಕ್ಕೆ ಮೈಸೂರಿನ ಮನೆಯಿಂದ ಮಾಡಿದರೂ ಅಲ್ಲ. ಪಿಆರ್ ಉಳಿಸಲೆಂದೇ ಹೆಸರಿಗೊಂದು ಕಂಪನಿ ನೋಂದಾಯಿಸುವುದನ್ನು ನಿಯಮವೇ ಹೆಸರಿಸಿ ತಳ್ಳಿಹಾಕಿದೆ. ಆ ಸಲಹೆ ಕೊಡುವ ಏಜೆಂಟರಿಗೆ ಫೀಸು ಕೊಡಬೇಡಿ.

ನಿಯೋಜನೆ ನಿಜವಾಗಿದ್ದರೆ ಹೊರಡುವ ಮೊದಲೇ ಕಂಪನಿಯ ಲೆಟರ್‌ಹೆಡ್‌ನಲ್ಲಿ ಪತ್ರ ತೆಗೆದುಕೊಳ್ಳಿ. ಹುದ್ದೆ ಯಾವುದು, ಯಾವ ದಿನಾಂಕದಿಂದ ಯಾವ ದಿನಾಂಕದವರೆಗೆ, ಪೂರ್ಣಾವಧಿಯೇ, ಕಂಪನಿಯ ವ್ಯವಹಾರ ಏನು, ಮುಗಿದ ಮೇಲೆ ಕೆನಡಾದ ಯಾವ ಕೆಲಸಕ್ಕೆ ಮರಳುತ್ತೀರಿ, ಇಷ್ಟೂ ಅದರಲ್ಲಿರಬೇಕು. ಮೂರು ವರ್ಷದ ನಂತರ ಕೇಳಿದರೆ ಬರೆದುಕೊಡಬೇಕಾದ ಮ್ಯಾನೇಜರ್ ಕಂಪನಿಯಲ್ಲೇ ಇರುವುದಿಲ್ಲ. ಜೊತೆಗೆ ಪ್ರತಿ ವರ್ಷದ ಟಿ4 ಸ್ಲಿಪ್ (ಕಂಪನಿ ಕೊಡುವ ಸಂಬಳ, ತೆರಿಗೆ ಕಡಿತದ ಚೀಟಿ) ಇಟ್ಟುಕೊಳ್ಳಿ. ಕೇಂದ್ರದ ಅಥವಾ ಪ್ರಾಂತ್ಯದ ಸರ್ಕಾರಿ ನೌಕರಿಯಲ್ಲಿ ಹೊರಗೆ ಹೋದವರಿಗೂ ಇದೇ ವಿನಾಯಿತಿ ಅನ್ವಯಿಸುತ್ತದೆ, ಅಂಥವರು ನಮ್ಮಲ್ಲಿ ಕಡಿಮೆ.

ದಿನಗಳ ಪುಸ್ತಕ

ಒಂದು ಎಕ್ಸೆಲ್ ಹಾಳೆ ಸಾಕು. ಕಾಲಂಗಳು: ಕೆನಡಾ ಬಿಟ್ಟ ದಿನ, ವಿಮಾನದ ಸಂಖ್ಯೆ, ಹೋದ ಊರು, ಮರಳಿದ ದಿನ, ವಿಮಾನದ ಸಂಖ್ಯೆ, ಹೊರಗಿದ್ದ ದಿನ, ಕಾರಣ. ಹೊರಗಿದ್ದ ದಿನ ಎಣಿಸುವಾಗ ಬಿಟ್ಟ ದಿನವನ್ನೂ ಮರಳಿದ ದಿನವನ್ನೂ ಬಿಟ್ಟುಬಿಡಿ. ಮಾರ್ಚ್ 3ಕ್ಕೆ ಹೊರಟು ಮಾರ್ಚ್ 10ಕ್ಕೆ ಬಂದರೆ ಹೊರಗಿದ್ದದ್ದು 6 ದಿನ. ಬೆಂಗಳೂರಿನಿಂದ ಹೊರಟ ತಾರೀಖನ್ನೇ ಕೆನಡಾ ತಲುಪಿದ ತಾರೀಖೆಂದು ಬರೆಯುವುದು ಸಾಮಾನ್ಯ ತಪ್ಪು. ಮಧ್ಯೆ ದೋಹಾದಲ್ಲೋ ಫ್ರಾಂಕ್‌ಫರ್ಟ್‌ನಲ್ಲೋ ರಾತ್ರಿ ಕಳೆದಿದ್ದರೆ ಒಂದು ದಿನದ ವ್ಯತ್ಯಾಸ ಬೀಳುತ್ತದೆ.

ಪಾಸ್‌ಪೋರ್ಟಿನ ಮುದ್ರೆಗಳನ್ನೇ ನೆಚ್ಚಿಕೊಳ್ಳಬೇಡಿ. ಕೆನಡಾಕ್ಕೆ ಬರುವ ಪಿಆರ್‌ಗಳಿಗೆ ಪ್ರತಿ ಸಲವೂ ಮುದ್ರೆ ಬೀಳುವುದಿಲ್ಲ, ಹೊರಡುವಾಗಂತೂ ಇಲ್ಲವೇ ಇಲ್ಲ. ಹಾಗೆಂದು ಯಾರಿಗೂ ಗೊತ್ತಾಗದು ಎಂದಲ್ಲ. 2020ರಿಂದ ವಿಮಾನದಲ್ಲಿ ದೇಶ ಬಿಟ್ಟವರ ವಿವರವನ್ನೂ ಗಡಿ ಸೇವಾ ಸಂಸ್ಥೆ (ಸಿಬಿಎಸ್‌ಎ) ವಿಮಾನ ಕಂಪನಿಗಳಿಂದ ಪಡೆಯುತ್ತದೆ. ನಿಮ್ಮ ಪ್ರಯಾಣದ ದಾಖಲೆಯನ್ನು ಅವರಿಂದ ನೀವೇ ಕೇಳಿ ತರಿಸಿಕೊಳ್ಳಬಹುದು. ಅರ್ಜಿ ತುಂಬುವ ಮೊದಲು ತರಿಸಿ ನಿಮ್ಮ ಹಾಳೆಯೊಂದಿಗೆ ತಾಳೆ ನೋಡಿ. ಬೋರ್ಡಿಂಗ್ ಪಾಸಿನ ಫೋಟೊ, ಇ-ಟಿಕೆಟ್, ರದ್ದಾದ ಹಳೆಯ ಪಾಸ್‌ಪೋರ್ಟ್ ಯಾವುದನ್ನೂ ಎಸೆಯಬೇಡಿ.

ಕಾರ್ಡು ಮತ್ತು ವಿಮಾನ

ಪಿಆರ್ ಕಾರ್ಡ್ ಬೇರೆ, ಪಿಆರ್ ಸ್ಥಾನ ಬೇರೆ. ಕಾರ್ಡಿನ ಅವಧಿ ಮುಗಿದರೆ ಸ್ಥಾನ ಹೋಗುವುದಿಲ್ಲ. ಕಾರ್ಡ್ ಜೀವಂತವಾಗಿದ್ದರೆ ಸ್ಥಾನ ಭದ್ರ ಎಂದೂ ಅಲ್ಲ, ಮೇಲಿನ ಲೆಕ್ಕದಲ್ಲಿ ನೋಡಿದೆವಲ್ಲ. ಕಾರ್ಡು ಬೇಕಾಗುವುದು ಮುಖ್ಯವಾಗಿ ವಿಮಾನ ಹತ್ತಲು. ಕೆಂಪೇಗೌಡ ನಿಲ್ದಾಣದ ಚೆಕ್-ಇನ್ ಕೌಂಟರಿನಲ್ಲಿ ಮೊದಲು ಕೇಳುವುದು ಅದನ್ನೇ.

ನವೀಕರಣಕ್ಕೆ ಕಾರ್ಡಿನಲ್ಲಿ ಒಂಬತ್ತು ತಿಂಗಳಿಗಿಂತ ಕಡಿಮೆ ಅವಧಿ ಉಳಿದಿರಬೇಕು. ಶುಲ್ಕ 50 ಡಾಲರ್, ಅರ್ಜಿ ನಮೂನೆ ಐಎಂಎಂ 5444, ಆನ್‌ಲೈನ್‌ನಲ್ಲೂ ಹಾಕಬಹುದು. ಅರ್ಜಿ ಹಾಕುವಾಗ ನೀವು ಕೆನಡಾದಲ್ಲಿರಬೇಕು, ಕಾರ್ಡನ್ನು ಹೊರದೇಶದ ವಿಳಾಸಕ್ಕೆ ಕಳಿಸುವುದಿಲ್ಲ. ಇಪ್ಪತ್ತು ದಿನಕ್ಕೆ ಬಂದವರು ಅರ್ಜಿ ಹಾಕಿ ಹೊರಟರೆ ಕಾರ್ಡು ಮನೆಗೆ ಬಂದ ಮೇಲೆ ಹೆಂಡತಿ ಕೊರಿಯರ್ ಮಾಡಬೇಕಾಗುತ್ತದೆ. ಕೆಲವೊಮ್ಮೆ ನೀವೇ ಕಚೇರಿಗೆ ಬಂದು ತೆಗೆದುಕೊಳ್ಳಿ ಎಂಬ ಸೂಚನೆ ಬರುತ್ತದೆ, ಆಗ ಬರಲೇಬೇಕು. ಆದ್ದರಿಂದ ಇರುವ ಅತಿ ದೀರ್ಘ ಭೇಟಿಯ ಮೊದಲ ವಾರದಲ್ಲೇ ಅರ್ಜಿ ಹಾಕಿ.

ಕಾರ್ಡಿಲ್ಲದೆ ಹೊರಗೆ ಸಿಕ್ಕಿಬಿದ್ದರೆ ಪಿಆರ್ ಪ್ರಯಾಣ ಪತ್ರಕ್ಕೆ, ಅಂದರೆ ಪಿಆರ್‌ಟಿಡಿಗೆ, ಅರ್ಜಿ ಹಾಕಬೇಕು. ಶುಲ್ಕ 50 ಡಾಲರ್. ಸಾಮಾನ್ಯವಾಗಿ ಒಂದೇ ಪ್ರವೇಶಕ್ಕೆ ಸಿಗುತ್ತದೆ. ಇಲ್ಲಿ ಎಚ್ಚರ ಬೇಕು. ಈ ಅರ್ಜಿ ಬರೀ ಪ್ರಯಾಣದ ಕಾಗದಕ್ಕಲ್ಲ, ನಿಮ್ಮ ಐದು ವರ್ಷದ ಪೂರ್ತಿ ಪರೀಕ್ಷೆ. 730 ಇಲ್ಲದಿದ್ದರೆ ಅರ್ಜಿಯೊಂದಿಗೇ ಕಾರಣಗಳನ್ನೂ ದಾಖಲೆಗಳನ್ನೂ ಲಗತ್ತಿಸಬೇಕು. ತಿರಸ್ಕಾರವಾಗಿ, ಅರವತ್ತು ದಿನದೊಳಗೆ ಮೇಲ್ಮನವಿ ಹಾಕದಿದ್ದರೆ ಅಲ್ಲಿಗೆ ಪಿಆರ್ ಮುಗಿಯಿತು. ಬದಲಿಗೆ ಪ್ರವಾಸಿ ವೀಸಾ ತೆಗೆದುಕೊಂಡು ಬರೋಣ ಎಂದರೆ ಆಗದು, ಪಿಆರ್ ಇರುವವರಿಗೆ ವೀಸಾ ಕೊಡುವುದಿಲ್ಲ.

ಅಮೆರಿಕದ ವೀಸಾ ಇದ್ದವರಿಗೆ ಇನ್ನೊಂದು ದಾರಿ ಇದೆ. ಬಫಲೋ ಅಥವಾ ಡೆಟ್ರಾಯಿಟ್‌ವರೆಗೆ ವಿಮಾನದಲ್ಲಿ ಬಂದು ಅಲ್ಲಿಂದ ಖಾಸಗಿ ಕಾರಿನಲ್ಲಿ ಗಡಿ ದಾಟುವುದು. ಭೂಗಡಿಯಲ್ಲಿ ಪಾಸ್‌ಪೋರ್ಟ್ ಮತ್ತು ಪಿಆರ್ ದೃಢೀಕರಣ ಪತ್ರ, ಇಲ್ಲವೇ ಅವಧಿ ಮುಗಿದ ಕಾರ್ಡ್ ತೋರಿಸಿ ಪಿಆರ್ ಎಂದು ಸಾಬೀತಾದರೆ ಒಳಗೆ ಬಿಡಲೇಬೇಕು. ಒಳಗೆ ಬಿಟ್ಟು, ದಿನಗಳ ಷರತ್ತು ಮುರಿದಿದೆ ಎಂದು ವರದಿ ಬರೆಯುವ ಅಧಿಕಾರ ಮಾತ್ರ ಅಧಿಕಾರಿಗೆ ಇದ್ದೇ ಇರುತ್ತದೆ.

ದಿನ ಕಡಿಮೆ ಬಿದ್ದರೆ

ಷರತ್ತು ಮುರಿದ ಮಾತ್ರಕ್ಕೆ ಪಿಆರ್ ತಾನಾಗಿಯೇ ಹೋಗುವುದಿಲ್ಲ. ಯಾರಾದರೂ ಪರಿಶೀಲಿಸಿ, ನಿರ್ಧರಿಸಿ, ಮೇಲ್ಮನವಿಯ ಹಂತ ಮುಗಿಯುವವರೆಗೂ ನೀವು ಪಿಆರ್. ಗಡಿಯಲ್ಲಿ ವರದಿಯಾಗದೆ ಒಳಗೆ ಬಂದಿರಾದರೆ, ಕೈಯಲ್ಲಿ 730 ಆಗುವವರೆಗೆ ದೇಶ ಬಿಡಬೇಡಿ, ಕಾರ್ಡ್ ನವೀಕರಣಕ್ಕೂ ಹಾಕಬೇಡಿ. ಅರ್ಜಿ ಹಾಕಿದರೆ ನೀವೇ ಹೋಗಿ ಪರಿಶೀಲಿಸಿ ಎಂದು ಕೇಳಿದಂತೆ.

ವರದಿ ಬರೆದು ನಿರ್ಗಮನ ಆದೇಶ ಕೊಟ್ಟರೆ ವಲಸೆ ಮೇಲ್ಮನವಿ ಮಂಡಳಿಗೆ ಹೋಗಲು 30 ದಿನ ಇದೆ. ಇಲ್ಲಿ ಒಂದು ಸೂಕ್ಷ್ಮ: ವರದಿಯಾದ ದಿನದ ನಂತರ ಕೆನಡಾದಲ್ಲಿ ಕಳೆದ ದಿನಗಳು 730ಕ್ಕೆ ಸೇರುವುದಿಲ್ಲ, ಮೇಲ್ಮನವಿ ಗೆದ್ದರಷ್ಟೇ ಸೇರುತ್ತವೆ. ಹೊರಗಿನಿಂದ ಪಿಆರ್‌ಟಿಡಿ ತಿರಸ್ಕೃತವಾಗಿ ಮೇಲ್ಮನವಿ ಹಾಕಿದವರು ಹಿಂದಿನ 365 ದಿನದಲ್ಲಿ ಒಮ್ಮೆಯಾದರೂ ಕೆನಡಾದಲ್ಲಿದ್ದರೆ, ಬಂದು ವಾದ ಮಾಡಲು ಪ್ರಯಾಣ ಪತ್ರ ಪಡೆಯುವ ಹಕ್ಕಿದೆ. ವರ್ಷಕ್ಕೊಮ್ಮೆಯಾದರೂ ಬಂದುಹೋಗಿ ಎಂದು ಹೇಳುವುದು ಇದಕ್ಕೇ.

ಹೆಂಡತಿ ಮಕ್ಕಳು ಅಲ್ಲಿರುವುದು ನಿಮ್ಮ ನೆರವಿಗೆ ಬರುವುದು ಈ ಹಂತದಲ್ಲಿ. ದಿನ ಕಡಿಮೆಯಿದ್ದರೂ ಮಾನವೀಯ ನೆಲೆಯಲ್ಲಿ ಉಳಿಸಿಕೊಳ್ಳಲು 28ನೇ ಸೆಕ್ಷನ್ನಿನಲ್ಲೇ ಅವಕಾಶವಿದೆ, ಅದರಲ್ಲಿ ಮಕ್ಕಳ ಹಿತವನ್ನು ಹೆಸರಿಸಿಯೇ ಹೇಳಿದೆ. ಮಕ್ಕಳ ಶಾಲೆಯ ಪತ್ರ, ತಿಂಗಳು ತಿಂಗಳು ಮನೆಗೆ ಕಳಿಸಿದ ಹಣದ ಬ್ಯಾಂಕ್ ದಾಖಲೆ, ಪ್ರತಿ ಭೇಟಿಯ ಟಿಕೆಟ್, ಮನೆ ಸಾಲ ಅಥವಾ ಬಾಡಿಗೆ ಕರಾರಿನಲ್ಲಿ ನಿಮ್ಮ ಹೆಸರು, ಕೆನಡಾದಲ್ಲಿ ಕೆಲಸಕ್ಕೆ ಅರ್ಜಿ ಹಾಕಿದ ಇಮೇಲ್‌ಗಳು, ಇವೆಲ್ಲ ತೂಗುತ್ತವೆ. ಎಷ್ಟು ದಿನ ಕಡಿಮೆ, ಯಾಕೆ ಹೋದಿರಿ, ಮರಳುವ ಮೊದಲ ಅವಕಾಶದಲ್ಲೇ ಮರಳಿದಿರಾ ಎಂದು ನೋಡುತ್ತಾರೆ. ಹಾಸಿಗೆ ಹಿಡಿದ ತಾಯಿಯ ಆರೈಕೆಗೆ ಹೋದವರ ಮಾತಿಗೆ ಇರುವ ತೂಕ 'ಅಲ್ಲಿ ಸಂಬಳ ಜಾಸ್ತಿ' ಎಂಬುದಕ್ಕಿಲ್ಲ. 600 ದಿನ ಇದ್ದವರ ಪ್ರಕರಣವೂ 60 ದಿನ ಇದ್ದವರದೂ ಒಂದೇ ಅಲ್ಲ.

ಗಡಿಯಲ್ಲಿ ಕೇಳಿದ್ದಕ್ಕೆ ನಿಜವನ್ನೇ ಹೇಳಿ. ದಿನ ಕಡಿಮೆ ಬಿದ್ದದ್ದಕ್ಕೆ ಪರಿಹಾರ ಇದೆ. ಸುಳ್ಳು ತಾರೀಖು ಕೊಟ್ಟು ಸಿಕ್ಕಿಬಿದ್ದರೆ ಐದು ವರ್ಷ ಕೆನಡಾದ ಬಾಗಿಲು ಮುಚ್ಚುತ್ತದೆ, ಆಗ ಹೆಂಡತಿ ಮಕ್ಕಳಿದ್ದರೂ ಕಷ್ಟ.

ತೆರಿಗೆ, ಆರೋಗ್ಯ, ಮಕ್ಕಳ ಭತ್ಯೆ

ವಲಸೆ ಲೆಕ್ಕಕ್ಕೆ ತದ್ವಿರುದ್ಧವಾಗಿ, ತೆರಿಗೆ ಇಲಾಖೆ (ಸಿಆರ್‌ಎ) ನೋಡುವುದೇ ಕುಟುಂಬ ಎಲ್ಲಿದೆ ಎಂದು. ಮನೆ, ಸಂಗಾತಿ, ಅವಲಂಬಿತ ಮಕ್ಕಳು ಕೆನಡಾದಲ್ಲಿದ್ದರೆ ನೀವು ಬೆಂಗಳೂರಿನಲ್ಲಿ ಮುನ್ನೂರು ದಿನ ಇದ್ದರೂ ಸಾಮಾನ್ಯವಾಗಿ ಅವರ ಕಣ್ಣಿಗೆ ನಿವಾಸಿಯೇ. ಪ್ರಪಂಚದ ಎಲ್ಲ ಆದಾಯವನ್ನೂ ತೋರಿಸಬೇಕು. ಭಾರತದಲ್ಲಿ ಕಟ್ಟಿದ ತೆರಿಗೆಗೆ ಕ್ರೆಡಿಟ್ ಸಿಗುತ್ತದೆ. ಎರಡೂ ದೇಶ ನಿವಾಸಿ ಎಂದರೆ ಭಾರತ-ಕೆನಡಾ ತೆರಿಗೆ ಒಪ್ಪಂದದಲ್ಲಿ ಕಾಯಂ ಮನೆ, ಜೀವನದ ಮುಖ್ಯ ನೆಲೆ ಎಂದು ಮೆಟ್ಟಿಲು ಮೆಟ್ಟಿಲಾಗಿ ತೀರ್ಮಾನಿಸುವ ಕ್ರಮವಿದೆ. ಇದಕ್ಕೆ ಎರಡೂ ಕಡೆಯ ಕಾನೂನು ತಿಳಿದ ಲೆಕ್ಕಪರಿಶೋಧಕರು ಬೇಕು. ದುಬೈ ಸಂಬಳದವರಿಗೆ ಪೆಟ್ಟು ಜಾಸ್ತಿ. ಅಲ್ಲಿ ಸಂಬಳದ ಮೇಲೆ ತೆರಿಗೆ ಇಲ್ಲ, ಆದ್ದರಿಂದ ಕ್ರೆಡಿಟ್ಟೂ ಇಲ್ಲ, ಕೆನಡಾದಲ್ಲಿ ನಿವಾಸಿ ಎಂದಾದರೆ ಪೂರ್ತಿ ಅಲ್ಲೇ ಕಟ್ಟಬೇಕು. ಕೆಲಸ ಒಪ್ಪಿಕೊಳ್ಳುವ ಮೊದಲು ಕೈಗೆ ಬರುವ ಸಂಬಳವನ್ನು ಹೀಗೆ ಲೆಕ್ಕ ಹಾಕಿ ನೋಡಿ, ಎಷ್ಟೋ ಸಲ ಹೋಗುವುದೇ ಬೇಡ ಅನಿಸುತ್ತದೆ.

ಊರಲ್ಲಿ ಬಾಡಿಗೆಗೆ ಕೊಟ್ಟ ಫ್ಲ್ಯಾಟು, ಎಫ್‌ಡಿ, ಷೇರು ಸೇರಿ ಕೊಂಡ ಬೆಲೆ ಒಂದು ಲಕ್ಷ ಕೆನಡಾ ಡಾಲರ್ ದಾಟಿದರೆ ಟಿ1135 ನಮೂನೆ ತುಂಬಬೇಕು. ತಡವಾದರೆ ದಿನಕ್ಕೆ 25 ಡಾಲರ್, 2,500ರವರೆಗೆ ದಂಡ. ಮಕ್ಕಳ ಭತ್ಯೆಯನ್ನು ಗಂಡ ಹೆಂಡತಿ ಇಬ್ಬರ ಆದಾಯದ ಮೇಲೆ ನಿರ್ಧರಿಸುತ್ತಾರೆ. ಹೊರಗಿನ ಸಂಬಳ ಮುಚ್ಚಿಟ್ಟು ಪಡೆದರೆ ವರ್ಷಗಳ ನಂತರ ಒಟ್ಟಿಗೆ ವಾಪಸ್ ಕೇಳುತ್ತಾರೆ.

ಮಿಸಿಸಾಗಾ ಇರುವ ಒಂಟಾರಿಯೊ ಪ್ರಾಂತ್ಯದ ಆರೋಗ್ಯ ಕಾರ್ಡಿಗೆ ಯಾವುದೇ 12 ತಿಂಗಳಲ್ಲಿ 153 ದಿನ ಪ್ರಾಂತ್ಯದೊಳಗೆ ಇರಬೇಕು. ಇದು 146ಕ್ಕಿಂತ ಜಾಸ್ತಿ. ಪಿಆರ್ ಉಳಿದರೂ ಆರೋಗ್ಯ ಕಾರ್ಡ್ ಹೋಗಬಹುದು, ಭೇಟಿಗೆ ಬರುವಾಗ ಪ್ರಯಾಣ ವಿಮೆ ಮಾಡಿಸಿ. ಮನೆಯಲ್ಲಿರುವವರ ಕಾರ್ಡಿಗೆ ಧಕ್ಕೆಯಿಲ್ಲ.

ಹೊರಡುವ ಮುನ್ನ ಬ್ಯಾಂಕ್ ಖಾತೆ ಜಂಟಿ ಮಾಡಿ. ಮಕ್ಕಳೊಂದಿಗೆ ಒಬ್ಬರೇ ಪ್ರಯಾಣಿಸುವ ಸಂಗಾತಿಯ ಕೈಯಲ್ಲಿ ನಿಮ್ಮ ಒಪ್ಪಿಗೆ ಪತ್ರವನ್ನು ನೋಟರಿ ಮಾಡಿಸಿ ಕೊಡಿ.

ಪೌರತ್ವಕ್ಕೆ ಬೇಕಾದದ್ದು ಐದು ವರ್ಷದಲ್ಲಿ 1,095 ದಿನ. ಕಂಪನಿ ನಿಯೋಜನೆಯ ದಿನಗಳು ಅದಕ್ಕೆ ಸೇರುವುದಿಲ್ಲ. ಹೆಂಡತಿ ಮಕ್ಕಳು ನಿಮಗಾಗಿ ಕಾಯಬೇಕಿಲ್ಲ, ಅವರ ದಿನ ತುಂಬಿದಾಗ ಅವರು ಹಾಕಿಕೊಳ್ಳಬಹುದು. ಅದರಲ್ಲಿ ನಿಮಗೂ ಒಂದು ರಕ್ಷಣೆ ಇದೆ: ನಿಮ್ಮ ಪಿಆರ್ ಕೈತಪ್ಪಿದರೂ ಕೆನಡಾದಲ್ಲಿ ವಾಸವಿರುವ ಹೆಂಡತಿ, ಪಿಆರ್ ಆಗಿರಲಿ ಪ್ರಜೆಯಾಗಿರಲಿ, ನಿಮ್ಮನ್ನು ಸಂಗಾತಿಯಾಗಿ ಮತ್ತೆ ಸ್ಪಾನ್ಸರ್ ಮಾಡಬಹುದು. ಇನ್ನು ನಾಲ್ಕೈದು ವರ್ಷ ಮರಳುವ ಯೋಚನೆಯೇ ಇಲ್ಲದವರು ಕೆಲವರು ಐಎಂಎಂ 5782 ನಮೂನೆ ತುಂಬಿ ತಾವಾಗಿಯೇ ಪಿಆರ್ ಬಿಟ್ಟುಕೊಟ್ಟು, ಪ್ರವಾಸಿ ವೀಸಾದಲ್ಲಿ ಮಕ್ಕಳನ್ನು ನೋಡಿ ಹೋಗುತ್ತಾರೆ. ಹಾಗೆ ಬಿಟ್ಟುಕೊಟ್ಟರೆ ಹೆಂಡತಿ ಮಕ್ಕಳ ಸ್ಥಾನಕ್ಕೆ ಏನೂ ಆಗುವುದಿಲ್ಲ. ಆದರೆ ವೀಸಾ ಸಿಗುತ್ತದೆಂಬ ಖಾತ್ರಿಯಿಲ್ಲ, ಮೇಲ್ಮನವಿಯ ಹಕ್ಕೂ ಹೋಗುತ್ತದೆ. ಆ ನಮೂನೆಗೆ ಸಹಿ ಹಾಕುವ ಮೊದಲು ವಲಸೆ ವಕೀಲರೊಬ್ಬರಿಗೆ ನಿಮ್ಮ ದಿನಗಳ ಹಾಳೆ ತೋರಿಸಿ.